ಮಾಯಾ ಚಿತ್ರಪಾತ್ರೆಗಳು: ಹೆಸರು ಒಬ್ಬರದು, ಸಿಕ್ಕಿದ್ದು ಇನ್ನೊಬ್ಬರ ಸಮಾಧಿಯಲ್ಲಿ

ಪ್ರಶ್ನೆ: ನಾನು ಪುತ್ತೂರಿನ ಕಡೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಪ್ರಾಚೀನ ಮಾಯಾ ಜನರ ಬಣ್ಣದ ಮಣ್ಣಿನ ಪಾತ್ರೆಗಳ ಫೋಟೊಗಳನ್ನು ತರಗತಿಯಲ್ಲಿ ತೋರಿಸಿದೆ. ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಸರಿಯಾದ ಉತ್ತರ ನನ್ನಲ್ಲಿರಲಿಲ್ಲ. ಬಾಯಂಚಿನ ಸುತ್ತ ಇರುವ ಬರಹ ಸತ್ತವರಿಗಾಗಿ ಬರೆದ ಮಂತ್ರವೇ? ತಿಗರಿ ಇಲ್ಲದೆ ಇಷ್ಟು ನೇರವಾದ ಪಾತ್ರೆ ಮಾಡಿದ್ದು ಹೇಗೆ? ಎಷ್ಟೋ ಪಾತ್ರೆಗಳ ಕೆಳಗೆ ‘ದೊರೆತ ಸ್ಥಳ ತಿಳಿದಿಲ್ಲ’ ಎಂದಿದೆ, ಯಾಕೆ? ಆನ್‌ಲೈನ್ ಹರಾಜಿನಲ್ಲಿ ಚಿಕ್ಕದೊಂದು ಮಾರಾಟಕ್ಕಿತ್ತು. ಶಾಲೆಗೆ ತರಿಸಬಹುದೇ? ಬೇಡವಾದರೆ ಮಕ್ಕಳ ಕೈಲೇ ಮಾಡಿಸಬಹುದೇ?

ಉತ್ತರ: ಮಂತ್ರವಲ್ಲ. ಆದರೆ ಹಾಗೆ ಅಂದುಕೊಂಡವರು ಸಾಮಾನ್ಯರೇನಲ್ಲ, ಹಾಗಾಗಿ ಆ ಕಥೆಯನ್ನೇ ಮೊದಲು ಹೇಳುತ್ತೇನೆ.

ನೀವು ತೋರಿಸಿದ ಪಾತ್ರೆಗಳಲ್ಲಿ ಹೆಚ್ಚಿನವು ಕ್ರಿ.ಶ. 600ರಿಂದ 850ರ ನಡುವಿನವು. ಇಂದಿನ ಗ್ವಾಟೆಮಾಲಾ, ಬೆಲೀಜ್, ಮೆಕ್ಸಿಕೊದ ಯುಕಟಾನ್ ಭಾಗ, ಹೊಂಡುರಾಸಿನ ಪಶ್ಚಿಮ ಅಂಚು, ಇಷ್ಟು ಅಗಲದ ನೆಲದಲ್ಲಿ ಆಗ ಹತ್ತಾರು ಮಾಯಾ ನಗರರಾಜ್ಯಗಳಿದ್ದವು. ಒಂದಕ್ಕೊಂದು ಬೀಗತನ ಬೆಳೆಸುವುದು, ಒಂದರ ಮೇಲೊಂದು ದಂಡೆತ್ತಿ ಹೋಗುವುದು, ಎರಡೂ ನಡೆದೇ ಇತ್ತು. ಅಲ್ಲಿನ ಪಾತ್ರೆಗಳ ಅಂಚಿನ ಬರಹವನ್ನು ಬಹುಕಾಲ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಓದುಬರಹ ತಿಳಿಯದ ಕುಂಬಾರರು ಕಲ್ಲಿನ ಶಾಸನ ನೋಡಿ ಅಂದಕ್ಕೆಂದು ನಕಲು ಮಾಡಿದ್ದಾರೆ ಎಂದು ಎರಿಕ್ ಥಾಮ್ಸನ್‌ರಂಥ ದೊಡ್ಡ ವಿದ್ವಾಂಸರೇ ತಳ್ಳಿಹಾಕಿದ್ದರು. 1971ರಲ್ಲಿ ನ್ಯೂಯಾರ್ಕಿನ ಗ್ರೋಲಿಯರ್ ಕ್ಲಬ್ಬಿನಲ್ಲಿ ಮಾಯಾ ಬರಹದ ಪ್ರದರ್ಶನ ಏರ್ಪಡಿಸಿದ ಮೈಕೆಲ್ ಕೋ ಒಂದು ವಿಷಯ ಗಮನಿಸಿದರು. ಬೇರೆ ಬೇರೆ ಪಾತ್ರೆಗಳಲ್ಲಿ ಅದೇ ಚಿಹ್ನೆಗಳು ಅದೇ ಕ್ರಮದಲ್ಲಿ ಬರುತ್ತಿದ್ದವು. ಅಂದರೆ ಅದು ಅಲಂಕಾರವಲ್ಲ, ವಾಕ್ಯ. ಪಾತ್ರೆಗಳು ಸಮಾಧಿಗಳಲ್ಲಿ ಸಿಗುತ್ತಿದ್ದವು, ಚಿತ್ರಗಳಲ್ಲಿ ಪಾತಾಳದ ದೇವತೆಗಳು ತುಂಬಿದ್ದರು. ಹೀಗಾಗಿ ಇದು ಸತ್ತವರ ಪಯಣಕ್ಕೆ ಹೇಳುತ್ತಿದ್ದ ಪಠಣವಿರಬೇಕೆಂದು ಅವರು ಊಹಿಸಿದರು. ‘ಮಂತ್ರ’ದ ಮಾತು ಹರಡಿದ್ದು ಅಲ್ಲಿಂದ.

ಅದು ವಾಕ್ಯವೆಂದದ್ದು ಸರಿ. ಅದರ ಅರ್ಥ ಮಾತ್ರ ಬೇರೆಯಾಗಿತ್ತು. 1979ರಲ್ಲಿ ಪೀಟರ್ ಮ್ಯಾಥ್ಯೂಸ್ ಬೆಲೀಜಿನ ಆಲ್ಟುನ್ ಹಾ ಎಂಬಲ್ಲಿ ಸಿಕ್ಕ ಕಿವಿಯೋಲೆಯ ಮೇಲಿನ ಬರಹವನ್ನು ಓದಿದರು. ಅದರಲ್ಲಿದ್ದದ್ದು ‘ಇದು ಇಂಥವರ ಓಲೆ’ ಎಂಬಷ್ಟೇ. 1980ರ ದಶಕದಲ್ಲಿ ಸ್ಟೀಫನ್ ಹ್ಯೂಸ್ಟನ್, ಕಾರ್ಲ್ ಟೌಬೆ, ಡೇವಿಡ್ ಸ್ಟುವರ್ಟ್, ಬಾರ್ಬರಾ ಮೆಕ್ಲಿಯೋಡ್ ಮುಂತಾದವರು ಪಾತ್ರೆಗಳನ್ನೂ ಅದೇ ಜಾಡಿನಲ್ಲಿ ಓದತೊಡಗಿದರು. ಅಗಲ ತಟ್ಟೆಯಿದ್ದರೆ ‘ಇವರ ಲಕ್’, ಕುಡಿಯುವ ಪಾತ್ರೆಯಿದ್ದರೆ ‘ಇವರ ಉಕಿಬ್’. ನಮ್ಮಲ್ಲಿ ಮದುವೆಗೆ ಸ್ಟೀಲ್ ಪಾತ್ರೆ ಕೊಡುವಾಗ ಅಂಗಡಿಯಲ್ಲೇ ಹೆಸರು ಕೊರೆಸುತ್ತೇವಲ್ಲ, ಬರಹದ ತಿರುಳು ಅದೇ.

ಪೂರ್ತಿ ಬರಹ ಇರುವ ಪಾತ್ರೆಯಲ್ಲಿ ವಿಷಯ ಸುಮಾರಾಗಿ ಈ ಕ್ರಮದಲ್ಲಿ ಸಾಗುತ್ತದೆ. ಮೊದಲು ಪಾತ್ರೆಯನ್ನು ಬಳಕೆಗೆ ಎತ್ತಿಕೊಟ್ಟ ಮಾತು. ಆಮೇಲೆ ಅದರ ಮೇಲೆ ಬರೆದಿದೆಯೋ ಕೆತ್ತಿದೆಯೋ ಎಂಬುದು. ಆಮೇಲೆ ಪಾತ್ರೆಯ ಜಾತಿ, ಅದರಲ್ಲಿ ತುಂಬುವ ಪದಾರ್ಥ, ಕೊನೆಗೆ ಒಡೆಯನ ಹೆಸರು, ಬಿರುದುಗಳು. ಜಾಗ ಕಮ್ಮಿಯಿದ್ದರೆ ನಡುವಿನದನ್ನು ಬಿಟ್ಟುಬಿಡುತ್ತಿದ್ದರು. ಉದ್ದನೆಯ ಪಾತ್ರೆಗಳಲ್ಲಿ ತುಂಬುತ್ತಿದ್ದದ್ದು ಬಹುಪಾಲು ‘ಕಕಾವ್’, ಅಂದರೆ ನಿಮ್ಮೂರಿನ ಅಡಿಕೆ ತೋಟಗಳ ನಡುವೆ ಬೆಳೆಯುವ ಅದೇ ಕೋಕೋ. ಇನ್ನು ಕೆಲವು ಬಟ್ಟಲುಗಳಲ್ಲಿ ‘ಉಲ್’ ಎಂದಿದೆ. ಅದು ಮೆಕ್ಕೆಜೋಳದ ಗಂಜಿ. ತಟ್ಟೆಗಳು ತಮಾಲೆಗೆ, ಎಂದರೆ ಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬಿಗೆ. ಸಂಗ್ರಹಾಲಯದ ಹೆಸರುಫಲಕದಲ್ಲಿ ಹೂದಾನಿ ಎಂಬರ್ಥದ ಪದ ಕಂಡರೂ ಇವು ಹೂವಿಡಲು ಮಾಡಿದವಲ್ಲ. ಅರಮನೆಯ ಪಂಕ್ತಿಯಲ್ಲಿ ಬಳಸಿದ ಲೋಟ, ತಟ್ಟೆ, ಬಟ್ಟಲುಗಳು.

ಓದು ಸರಿಯೇ ಎಂಬ ಅನುಮಾನಕ್ಕೆ ಉತ್ತರ ಕೊಟ್ಟದ್ದು ಒಂದು ಮುಚ್ಚಳದ ಪಾತ್ರೆ. 1984ರಲ್ಲಿ ಈಶಾನ್ಯ ಗ್ವಾಟೆಮಾಲಾದ ರಿಯೋ ಅಝುಲ್‌ನಲ್ಲಿ ರಿಚರ್ಡ್ ಆಡಮ್ಸ್ ತಂಡ 19ನೇ ಸಂಖ್ಯೆಯ ಸಮಾಧಿಯನ್ನು ತೆರೆಯಿತು. ಅದು 5ನೇ ಶತಮಾನದ್ದು, ಕಳ್ಳರ ಕೈ ಸೋಕಿರಲಿಲ್ಲ. ಅಲ್ಲಿ ಸಿಕ್ಕ ಒಂದು ಪಾತ್ರೆಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಬಹುದಿತ್ತು. ಮೇಲೆ ಎತ್ತಲು ಹಿಡಿ. ಮೈಮೇಲೆ ಸುಣ್ಣದ ಗಾರೆ ಬಳಿದು ಬಣ್ಣದಲ್ಲಿ ಬರೆದ ದೊಡ್ಡ ಅಕ್ಷರಗಳು. ಸ್ಟುವರ್ಟ್ ಅದರಲ್ಲಿ ಕೋಕೋದ ಹೆಸರನ್ನು ಓದಿದರು. ಒಳಗೆ ಅಂಟಿದ್ದ ಪುಡಿಯನ್ನು ಅಮೆರಿಕದ ಹರ್ಷೀ ಚಾಕೊಲೇಟ್ ಕಂಪನಿಯ ಪ್ರಯೋಗಾಲಯದಲ್ಲಿ ಜೆಫ್ರಿ ಹರ್ಸ್ಟ್ ಪರೀಕ್ಷಿಸಿದಾಗ ಕೋಕೋದಲ್ಲಿರುವ ಥಿಯೋಬ್ರೋಮಿನ್, ಕೆಫೀನ್ ಎಂಬ ರಾಸಾಯನಿಕಗಳು ಎರಡೂ ಸಿಕ್ಕವು. ಅಕ್ಷರ ಹೇಳಿದ್ದನ್ನು ರಸಾಯನಶಾಸ್ತ್ರ ಒಪ್ಪಿತು. ಲಿಪಿಯ ಓದಿಗೆ ಇಷ್ಟು ನೇರವಾದ ಸಾಕ್ಷಿ ಸಿಗುವುದು ಅಪರೂಪ.

ಹಾಗಾದರೆ ಸಾವಿಗೂ ಈ ಪಾತ್ರೆಗಳಿಗೂ ಸಂಬಂಧವೇ ಇಲ್ಲವೇ? ಇದೆ. ಬದುಕಿದ್ದಾಗ ಕುಡಿದ ಪಾತ್ರೆಯನ್ನೇ, ಇಲ್ಲವೇ ಉಡುಗೊರೆಯಾಗಿ ಬಂದದ್ದನ್ನು, ಸತ್ತವರ ಪಕ್ಕ ಇಡುತ್ತಿದ್ದರು. ಕೆಲವು ತಟ್ಟೆಗಳ ನಡುವೆ ಬೇಕೆಂದೇ ತೂತು ಕೊರೆದಿರುತ್ತಾರೆ, ಇನ್ನು ಊಟಕ್ಕೆ ಬಾರದಂತೆ. ಅಂಥ ತೂತಿರುವ ಫೋಟೊ ನಿಮ್ಮ ಸಂಗ್ರಹದಲ್ಲಿದ್ದರೆ ಅದು ಸಾಗಿಸುವಾಗ ಆದ ಪೆಟ್ಟಲ್ಲ ಎಂದು ಮಕ್ಕಳಿಗೆ ಹೇಳಿ.

ಈಗ ಒಂದೇ ಪಾತ್ರೆಯನ್ನು ಹತ್ತಿರದಿಂದ ನೋಡೋಣ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿರುವ, ‘ಪ್ರಿನ್ಸ್‌ಟನ್ ಪಾತ್ರೆ’ ಎಂದೇ ಹೆಸರಾದದ್ದು. ಎತ್ತರ 21.5 ಸೆಂ.ಮೀ. ಕಾಲ 670ರಿಂದ 750ರ ನಡುವೆ. ಕೆನೆಬಣ್ಣದ ಮೈ, ಮೇಲೆ ಕೂದಲೆಳೆಯಂಥ ಕಂದುಗಪ್ಪು ಗೆರೆ, ಅಂಚಿಗೆ ಕೆಂಪು. ಈ ಶೈಲಿಗೆ ಪುಸ್ತಕಶೈಲಿ ಎಂಬ ಅರ್ಥದ ಹೆಸರಿದೆ, ಅವರ ಮಡಚಿಡುವ ಪುಸ್ತಕಗಳ ಪುಟದಂತೆ ಕಾಣುವುದರಿಂದ. ಉತ್ತರ ಗ್ವಾಟೆಮಾಲಾದ ನಕ್ಬೆಯ ಸುತ್ತಮುತ್ತ ಇಂಥವನ್ನು ಮಾಡುತ್ತಿದ್ದರು.

ಅರಮನೆಯೊಳಗೆ ಹಲ್ಲುದುರಿದ ಮುದಿ ದೇವತೆಯೊಂದು ಕೂತಿದೆ. ವಿದ್ವಾಂಸರು ಹೆಸರಿಗೆ ಬದಲಾಗಿ ‘ಎಲ್’ ಎಂಬ ಅಕ್ಷರದಿಂದ ಕರೆಯುವ, ಪಾತಾಳದ ಸಿರಿವಂತ ದೇವರು. ತಲೆಯ ಮೇಲೆ ಅಗಲ ಅಂಚಿನ ಟೋಪಿ, ಅದರಲ್ಲಿ ಗೂಬೆ. ಸುತ್ತ ಐವರು ಹೆಂಗಸರು. ಒಬ್ಬಳ ಮಣಿಕಟ್ಟಿಗೆ ಮುದುಕ ಬಳೆಯಂಥದ್ದನ್ನು ಕಟ್ಟುತ್ತಿದ್ದಾನೆ. ಇನ್ನೊಬ್ಬಳು ನಿಂತುಕೊಂಡು ಒಂದು ಪಾತ್ರೆಯಿಂದ ಕೆಳಗಿನ ಇನ್ನೊಂದಕ್ಕೆ ಕೋಕೋ ಸುರಿಯುತ್ತಿದ್ದಾಳೆ. ಎತ್ತರದಿಂದ ಸುರಿದರೆ ನೊರೆ ಬರುತ್ತದೆ, ಆ ನೊರೆಯೇ ಅವರಿಗೆ ಪಾನೀಯದ ಹೆಚ್ಚುಗಾರಿಕೆ. ಕೆಳಗೆ ಒಂದು ಮೊಲ ಕೂತು ಜಾಗ್ವಾರ್ ಚರ್ಮದ ರಟ್ಟಿನ ಪುಸ್ತಕದಲ್ಲಿ ಏನನ್ನೋ ಬರೆದುಕೊಳ್ಳುತ್ತಿದೆ. ಒಂದು ಬದಿಯಲ್ಲಿ ಮುಖವಾಡ ತೊಟ್ಟ ಇಬ್ಬರು ಕೊಡಲಿ ಹಿಡಿದು, ಕಟ್ಟಿಹಾಕಿದ ಒಬ್ಬನ ತಲೆ ಕಡಿಯುತ್ತಿದ್ದಾರೆ. ಮುದುಕನಿಗೆ ಅತ್ತ ಲಕ್ಷ್ಯವೇ ಇಲ್ಲ. ಆದರೆ ಹೆಂಗಸರಲ್ಲೊಬ್ಬಳು ಪಕ್ಕದವಳ ಪಾದವನ್ನು ಬೆರಳಿನಿಂದ ತಟ್ಟುತ್ತಿದ್ದಾಳೆ, ‘ಅಲ್ಲಿ ನೋಡೇ’ ಎಂಬಂತೆ. ಅವಳು ತಿರುಗಿದ ಕಡೆಗೆ ನಾವೂ ಪಾತ್ರೆ ತಿರುಗಿಸಬೇಕು, ಆಗಷ್ಟೇ ಕೊಲೆ ಕಾಣುತ್ತದೆ. ಇದರ ಅಂಚಿನಲ್ಲಿರುವುದು ಮಾತ್ರ ಸರಳ ಸಂಗತಿ: ಇಂಥ ಬಗೆಯ ಕೋಕೋ ಕುಡಿಯುವ ಪಾತ್ರೆ, ಮುವಾನ್ ಕುಕ್ ಎಂಬ ಒಡೆಯನದು.

ನೀವು ತೋರಿಸಿದ ಫೋಟೊಗಳಲ್ಲಿ ಇಡೀ ದೃಶ್ಯ ಪಟ್ಟಿಯಂತೆ ಬಿಚ್ಚಿಕೊಂಡಿರಬೇಕು. ಅದು ಛಾಯಾಗ್ರಾಹಕ ಜಸ್ಟಿನ್ ಕೆರ್ ಅವರ ಕೈಚಳಕ. 1970ರ ದಶಕದಲ್ಲಿ ಅವರು ಪಾತ್ರೆಯನ್ನು ತಿರುಗುವ ಪೀಠದ ಮೇಲಿಟ್ಟು, ಅದೇ ಲಯದಲ್ಲಿ ಫಿಲ್ಮ್ ಸರಿಯುವಂತೆ ಮಾಡಿ, ಸುತ್ತಲಿನ ಚಿತ್ರವನ್ನು ಒಂದೇ ಚೌಕಟ್ಟಿಗೆ ತಂದರು. ಪ್ರತಿಯೊಂದಕ್ಕೂ ಅವರ ಹೆಸರಿನ ಮೊದಲಕ್ಷರ ಸೇರಿಸಿದ ಸಂಖ್ಯೆ ಇದೆ, ಪ್ರಿನ್ಸ್‌ಟನ್ ಪಾತ್ರೆಯದು ಕೆ 511. ಲಿಪಿ ಓದಿದವರೆಲ್ಲ ಈ ಫೋಟೊಗಳ ಋಣದಲ್ಲಿದ್ದಾರೆ. ಆದರೂ ಒಂದು ಕೊಸರು. ಹರಡಿದ ಫೋಟೊದಲ್ಲಿ ಕೊಲೆ, ಕೋಕೋ, ಮೊಲ ಎಲ್ಲ ಒಮ್ಮೆಗೇ ಕಂಡುಬಿಡುತ್ತವೆ. ಮಾಯಾ ಚಿತ್ರಕಾರ ಅದನ್ನು ಒಂದೊಂದಾಗಿ ತೋರಿಸಲು ಹೂಡಿದ ಆಟ ಅಲ್ಲಿ ಕಳೆದುಹೋಗುತ್ತದೆ. ತರಗತಿಯಲ್ಲಿ ಫೋಟೊವನ್ನು ಮುದ್ರಿಸಿ ಡಬ್ಬಿಗೆ ಸುತ್ತಿ ಕೊಡಿ. ಮಕ್ಕಳೇ ತಿರುಗಿಸಿ ಕಂಡುಹಿಡಿಯಲಿ.

ಇನ್ನು ಮಾಡುವ ಬಗೆ. ಅಮೆರಿಕ ಖಂಡಗಳಲ್ಲಿ ಆಗ ಕುಂಬಾರರ ತಿಗರಿಯೇ ಇರಲಿಲ್ಲ. ಮಣ್ಣನ್ನು ಹುರಿಯಂತೆ ಹೊಸೆದು ಸುತ್ತು ಸುತ್ತಾಗಿ ಏರಿಸಿ, ಒಳಗೂ ಹೊರಗೂ ಒತ್ತಿ, ಕೆರೆದು ಗೋಡೆಯನ್ನು ಸಮ ಮಾಡುತ್ತಿದ್ದರು. ಯುಕಟಾನಿನ ಕುಂಬಾರರು 20ನೇ ಶತಮಾನದಲ್ಲೂ ‘ಕಬಾಲ್’ ಎಂಬ ಮರದ ಅಡ್ಡೆಯ ಮೇಲೆ ಪಾತ್ರೆಯಿಟ್ಟು ಅಂಗಾಲಿನಿಂದ ನಿಧಾನಕ್ಕೆ ತಿರುಗಿಸುತ್ತಿದ್ದರು. ಅದು ಮಣ್ಣನ್ನು ಎತ್ತುವ ತಿಗರಿಯಲ್ಲ, ಕೈ ಓಡಿಸಲು ಪಾತ್ರೆಯನ್ನು ತಿರುಗಿಸಿಕೊಡುವ ಪೀಠವಷ್ಟೇ. ಗೋಡೆ ನೇರ ಬಂದದ್ದಕ್ಕೆ ಕಾರಣ ಕೈಯ ಪಳಗು. ತಿಗರಿಯಿಲ್ಲವೆಂದರೆ ಹಿಂದುಳಿದವರು ಎಂಬ ಮಾತು ಮಕ್ಕಳ ಬಾಯಿಂದ ಬಂದರೆ ಈ ಪಾತ್ರೆಗಳ ಗೋಡೆ ಎಷ್ಟು ತೆಳುವೆಂದು ತೋರಿಸಿ.

ಬಣ್ಣವೆಲ್ಲ ಮಣ್ಣಿನದೇ. ನುಣ್ಣನೆಯ ಜೇಡಿಯನ್ನು ನೀರಿನಲ್ಲಿ ಕದಡಿ ತಿಳಿ ಮಾಡಿ, ಅದಕ್ಕೆ ಖನಿಜ ಬೆರೆಸಿ ಬಳಿಯುತ್ತಿದ್ದರು. ಕೆಂಪಿಗೆ ಕಬ್ಬಿಣದ ಆಕ್ಸೈಡ್, ಕಪ್ಪಿಗೆ ಮ್ಯಾಂಗನೀಸ್ ಇರುವ ಕಲ್ಲು. ಮೊದಲು ಕೆನೆ ಅಥವಾ ಕಿತ್ತಳೆ ಹಿನ್ನೆಲೆ, ಮೇಲೆ ಗೆರೆ, ಗೆರೆಯೊಳಗೆ ತೆಳು ಬಣ್ಣ, ಆಮೇಲೆ ಸುಡುವುದು. ಗಾಜಿನಂಥ ಗ್ಲೇಜ್ ಇಲ್ಲ. ಹೊಳಪು ಬಂದದ್ದು ನುಣುಪುಕಲ್ಲಿನಿಂದ ತಿಕ್ಕಿದ್ದರಿಂದ. ಸುಡುವ ಮೊದಲು ಕಾಣುವ ಬಣ್ಣವೇ ಬೇರೆ, ಸುಟ್ಟ ಮೇಲೆ ಕಾಣುವುದೇ ಬೇರೆ. ಚಿತ್ರಕಾರ ಮುಂದೆ ಬರುವ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಕುಂಚ ಆಡಿಸಬೇಕು. ಹೆಸರಾಂತ ಮಾಯಾ ನೀಲಿ ಮಾತ್ರ ಬೆಂಕಿಗೆ ಒಗ್ಗುವುದಿಲ್ಲ. ಅದು ನೀಲಿಗಿಡದ ಬಣ್ಣವನ್ನು ವಿಶೇಷ ಜೇಡಿಗೆ ಕೂಡಿಸಿ ಮಾಡಿದ್ದು. ಹಾಗಾಗಿ ಸುಟ್ಟ ಮೇಲೆ ಗಾರೆ ಹಚ್ಚಿ ಅದರ ಮೇಲೆ ಬಳಿಯುತ್ತಿದ್ದರು. ಪ್ರಿನ್ಸ್‌ಟನ್ ಪಾತ್ರೆಯ ಮೇಲೂ ಅಂಥ ಬಣ್ಣದ ಗಾರೆಯ ಚೂರು ಉಳಿದಿದೆ.

ಉರಿಯ ವಿಷಯದಲ್ಲಿ ಅವರಿಗೊಂದು ಕಟ್ಟಿತ್ತು. ಮಾಯಾ ತಗ್ಗುನಾಡು ಸುಣ್ಣಕಲ್ಲಿನ ನೆಲ. ಅಲ್ಲಿ ಮಣ್ಣಿಗೆ ಬೆರೆಸಲು ಸುಲಭಕ್ಕೆ ಸಿಗುವುದು ಪುಡಿ ಮಾಡಿದ ಸುಣ್ಣಕಲ್ಲು. ಉರಿ 800 ಡಿಗ್ರಿಯ ಆಸುಪಾಸಿಗೆ ಏರಿತೆಂದರೆ ಆ ಚೂರುಗಳು ಸುಟ್ಟಸುಣ್ಣವಾಗುತ್ತವೆ. ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಪಾತ್ರೆಯ ಮೈಯನ್ನು ಒಳಗಿನಿಂದಲೇ ಚಿಟ್ಟೆನ್ನಿಸುತ್ತವೆ. ಆದ್ದರಿಂದ ತಗ್ಗು ಉರಿಯೇ ಗತಿ. ಒಳ್ಳೆಯ ಚಿತ್ರಪಾತ್ರೆಗಳಲ್ಲಿ ಎಷ್ಟೋ ಕಡೆ ಸುಣ್ಣಕಲ್ಲಿನ ಬದಲು ಜ್ವಾಲಾಮುಖಿಯ ಬೂದಿ ಬೆರೆಸಿದ್ದಾರೆ. ಜ್ವಾಲಾಮುಖಿಗಳಿರುವುದು ದೂರದ ದಕ್ಷಿಣದ ಬೆಟ್ಟಸೀಮೆಯಲ್ಲಿ. ಅಷ್ಟು ಬೂದಿ ತಗ್ಗುನಾಡಿಗೆ ಬಂದ ದಾರಿಯ ಬಗ್ಗೆ ಪುರಾತತ್ವಜ್ಞರ ಜಗಳ ಇನ್ನೂ ಮುಗಿದಿಲ್ಲ.

ಬಣ್ಣ ಹಚ್ಚಿದವರಾರು? ಹೆಚ್ಚಿನವರು ಹೆಸರು ಹಾಕಿಲ್ಲ. ಹಾಕಿದ ಕೆಲವರಲ್ಲಿ ಆಹ್ ಮಾಶಮ್ ಎಂಬಾತ ನರಾಂಜೋ ಎಂಬ ನಗರರಾಜ್ಯದ ಅರಸನ ಮಗ. ಅವನ ಕೆಲಸದ ಒಂದು ಪಾತ್ರೆ ಚಿಕಾಗೋದ ಆರ್ಟ್ ಇನ್ಸ್ಟಿಟ್ಯೂಟ್‌ನಲ್ಲಿದೆ. ರಾಜಕುಮಾರನೇ ಕುಂಚ ಹಿಡಿದು ಸಹಿ ಮಾಡಿದ್ದಾನೆಂದರೆ ಈ ಕೆಲಸಕ್ಕಿದ್ದ ಮಾನ ಎಂಥದ್ದೆಂದು ಊಹಿಸಿ. ಗ್ವಾಟೆಮಾಲಾದ ಅಗ್ವಾಟೆಕಾ ಪಟ್ಟಣ 810ರ ಸುಮಾರಿಗೆ ದಾಳಿಗೆ ಸಿಕ್ಕಿ ಸುಟ್ಟಾಗ ಜನ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಿದರು. ತಾಕೇಶಿ ಇನೊಮಾತ ಅಲ್ಲಿನ ದೊಡ್ಡಮನೆಗಳನ್ನು ಅಗೆದಾಗ ಬಣ್ಣ ಅರೆಯುವ ಕಲ್ಲುಗಳು ಮನೆಯೊಳಗೇ ಸಿಕ್ಕವು. ಮಣ್ಣು ತಟ್ಟಿ ಪಾತ್ರೆ ಎತ್ತಿದವರು ಮಾತ್ರ ಬೇರೆಯವರೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಅಂಚಿನ ವಾಕ್ಯದಲ್ಲಿ ಬರೆದವನಿಗೆ ಜಾಗವಿದೆ, ಕುಡಿಯುವವನಿಗಿದೆ, ಕುಂಬಾರನಿಗಿಲ್ಲ.

ಈಗ ನಿಮ್ಮ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು: ‘ದೊರೆತ ಸ್ಥಳ ತಿಳಿದಿಲ್ಲ’. ಸಭ್ಯ ಮಾತು ಬಿಟ್ಟು ಹೇಳುವುದಾದರೆ, ಅಂಥವುಗಳಲ್ಲಿ ಬಹುಪಾಲು ನಿಧಿಗಳ್ಳರು ಅಗೆದು ತೆಗೆದವು. 1960ರ ನಂತರ ಚಿತ್ರಪಾತ್ರೆಗಳಿಗೆ ಅಮೆರಿಕ, ಯುರೋಪಿನ ಸಂಗ್ರಾಹಕರಿಂದ ಬೆಲೆ ಬಂತು. ಉತ್ತರ ಗ್ವಾಟೆಮಾಲಾದ ಪೆಟೆನ್ ಕಾಡಿನೊಳಗೆ ಗುಡಿಗಳ ಹೊಟ್ಟೆಗೆ ಸುರಂಗ ಕೊರೆದು ಸಮಾಧಿಗಳನ್ನು ಬರಿದು ಮಾಡಿದರು. ರಿಯೋ ಅಝುಲ್‌ನಲ್ಲೇ ಪುರಾತತ್ವಜ್ಞರು ಕಾಲಿಡುವ ಮೊದಲು ಕಳ್ಳರು ಹಲವು ಸಮಾಧಿಗಳನ್ನು ಮುಗಿಸಿದ್ದರು.

ಸ್ಥಳ ತಿಳಿಯದಿದ್ದರೇನು, ಬರಹವೇ ಹೆಸರು ಹೇಳುತ್ತದಲ್ಲ ಎಂದು ಕೇಳಬಹುದು. ಬೆಲೀಜಿನ ಬ್ವೇನವಿಸ್ತಾ ಪಾತ್ರೆ ನೋಡಿ. 1988ರಲ್ಲಿ ಜೋಸೆಫ್ ಬಾಲ್, ಜೆನಿಫರ್ ಟಾಶೆಕ್ ಅವರ ತಂಡ ಬ್ವೇನವಿಸ್ತಾ ಡೆಲ್ ಕಾಯೋ ಎಂಬಲ್ಲಿ ಒಬ್ಬ ಯುವಕನ ಸಮಾಧಿಯಿಂದ ಅದನ್ನು ತೆಗೆಯಿತು. ಕೆನೆಬಣ್ಣದ ಮೇಲೆ ಕೆಂಪು ಕಿತ್ತಳೆಯಲ್ಲಿ ಜೋಳದ ದೇವರ ಕುಣಿತ. ಅಂಚಿನಲ್ಲಿರುವ ಹೆಸರು ಕಾಕ್ ತಿಲಿವ್ ಚಾನ್ ಚಾಕ್. ಆತ ಬ್ವೇನವಿಸ್ತಾದವನಲ್ಲ. 693ರಲ್ಲಿ, ಐದು ವರ್ಷದ ಮಗುವಾಗಿದ್ದಾಗಲೇ ನರಾಂಜೋ ಪಟ್ಟಕ್ಕೇರಿದ ಅರಸ. ಅವನ ಹೆಸರಿನ ಲೋಟ ಪಕ್ಕದ ಸಣ್ಣ ಪಟ್ಟಣದ ಮನೆತನವೊಂದರ ಯುವಕನ ಜೊತೆ ಮಣ್ಣಾಗಿತ್ತು. ಅಂದರೆ ಅದು ಕೊಡುಗೆ. ದೊಡ್ಡ ಅರಸ ಸಣ್ಣ ಒಡೆಯನನ್ನು ತನ್ನ ಕಡೆ ಇರಿಸಿಕೊಳ್ಳಲು ಕೊಟ್ಟದ್ದು ಎಂಬುದು ಒಪ್ಪಿತವಾಗಿರುವ ವಿವರಣೆ. ಇದೇ ಪಾತ್ರೆ ಕಳ್ಳರ ಕೈಗೆ ಸಿಕ್ಕಿದ್ದರೆ? ಹೆಸರು ಓದಿ, ‘ನರಾಂಜೋ, ಬಹುಶಃ ರಾಜ ಸಮಾಧಿಯಿಂದ’ ಎಂದು ಫಲಕ ಬರೆದು ಮುಗಿಸುತ್ತಿದ್ದೆವು. ಬ್ವೇನವಿಸ್ತಾದ ಆ ಮನೆತನ, ಅರಸನೊಂದಿಗಿದ್ದ ಅದರ ನಂಟು, ಎರಡೂ ಚರಿತ್ರೆಯಿಂದಲೇ ಬಿದ್ದುಹೋಗುತ್ತಿದ್ದವು. ಅಂಚಿನ ಹೆಸರು ಯಾರದೆಂದು ಪಾತ್ರೆ ಹೇಳಬಲ್ಲದು, ಯಾರ ಕೈ ಸೇರಿತೆಂದು ಅಗೆದ ಗುಂಡಿ ಮಾತ್ರ ಹೇಳಬಲ್ಲದು.

ಎಲ್ಲಿ ಮಾಡಿದ್ದು ಎಂಬುದನ್ನು ಮಣ್ಣಿನಿಂದ ಒಂದಷ್ಟು ತಿಳಿಯಬಹುದು. ಡೋರಿ ರೀಂಟ್ಸ್-ಬುಡೆ, ರೊನಾಲ್ಡ್ ಬಿಷಪ್ ಜೊತೆಗೂಡಿ ಸಾವಿರಾರು ಪಾತ್ರೆಗಳಿಂದ ಚಿಟಿಕೆ ಪುಡಿ ಕೊರೆದು, ನ್ಯೂಟ್ರಾನ್ ತಾಕಿಸಿ ಅದರ ಸೂಕ್ಷ್ಮ ಧಾತುಗಳನ್ನು ಅಳೆದರು. ಉತ್ಖನನದಲ್ಲಿ ಸಿಕ್ಕ ಚೂರುಗಳ ಮಣ್ಣಿನೊಂದಿಗೆ ಹೋಲಿಸಿ, ಗುಲಾಬಿ ಬಣ್ಣದ ಅಕ್ಷರಗಳ ಒಂದು ಗುಂಪು ಗ್ವಾಟೆಮಾಲಾದ ಮೊತುಲ್ ಡೆ ಸಾನ್ ಹೊಸೆ ಎಂಬ ಮಾಯಾ ಪಟ್ಟಣದ ಸುತ್ತಲಿನದು ಎಂಬಂಥ ತೀರ್ಮಾನಗಳಿಗೆ ಬಂದರು. ದೊಡ್ಡ ಕೆಲಸ. ಆದರೆ ಅದು ಹೇಳುವುದು ಕಾರ್ಖಾನೆಯ ವಿಳಾಸವನ್ನಷ್ಟೇ.

ಇದೆಲ್ಲ ಇಷ್ಟು ಕಾಡುವುದಕ್ಕೆ ಇನ್ನೊಂದು ಕಾರಣವಿದೆ. ಮಾಯಾ ಜನರ ಪುಸ್ತಕಗಳಲ್ಲಿ ಉಳಿದಿರುವುದು ನಾಲ್ಕೇ. 1562ರಲ್ಲಿ ಯುಕಟಾನಿನ ಮಾನಿ ಎಂಬಲ್ಲಿ ಡಿಯೇಗೋ ಡೆ ಲಾಂಡಾ ಎಂಬ ಸ್ಪೇನಿನ ಪಾದ್ರಿ ಸಿಕ್ಕ ಪುಸ್ತಕಗಳನ್ನೆಲ್ಲ ಸುಡಿಸಿದ. ಉಳಿದ ನಾಲ್ಕೂ ಕಡೆಗಾಲದವು. 7, 8ನೇ ಶತಮಾನದ ಲಿಪಿಕಾರರ ಕುಂಚದ ಕೆಲಸ ಮೆಕ್ಸಿಕೊದ ಬೊನಂಪಾಕ್‌ನಂಥ ಕೆಲವು ಗೋಡೆಗಳನ್ನು ಬಿಟ್ಟರೆ ಉಳಿದಿರುವುದು ಪಾತ್ರೆಗಳ ಮೇಲೆಯೇ.

ಆದ್ದರಿಂದ ಹರಾಜಿನ ಪಾತ್ರೆ ಖಂಡಿತ ಬೇಡ. ಅದು ಕದ್ದದ್ದಿರಬಹುದು, ನಕಲಿಯಿರಬಹುದು, ಇಲ್ಲವೇ ಅರ್ಧ ಅದು ಅರ್ಧ ಇದು. ಮೂರನೆಯದು ನೀವಂದುಕೊಂಡದ್ದಕ್ಕಿಂತ ಹೆಚ್ಚು. ಮಾಸಿದ ಹಳೆ ಪಾತ್ರೆಗೆ ವ್ಯಾಪಾರಿಗಳು ಹೊಸ ಬಣ್ಣ ಕೊಡಿಸುತ್ತಾರೆ. ಆಕೃತಿಗಳು ಚೆಂದ ಬರುತ್ತವೆ, ಅಕ್ಷರಗಳು ಮಾತ್ರ ಯಾವ ಭಾಷೆಗೂ ಸೇರದ ಗೀಚುಗಳಾಗುತ್ತವೆ. ಕಳವಿನ ಮಾಲಿನ ತಡೆಗೆ 1970ರಲ್ಲಿ ಯುನೆಸ್ಕೊ ಒಪ್ಪಂದವಾಯಿತು, ಭಾರತ 1977ರಲ್ಲಿ ಅದಕ್ಕೆ ಸೇರಿತು. ‘ಹಳೆಯ ಖಾಸಗಿ ಸಂಗ್ರಹದಿಂದ’ ಎಂಬ ಒಂದು ಸಾಲನ್ನು ನಂಬಿ ಶಾಲೆಯ ದುಡ್ಡು ಹಾಕಬೇಡಿ.

ಮಕ್ಕಳ ಕೈಲಿ ಮಾಡಿಸಿ, ಅದೇ ಸರಿ. ನಿಮ್ಮ ಕಡೆ ಮುರಕಲ್ಲಿನ ಕೆಂಪುಮಣ್ಣಿಗೆ ಬರವಿಲ್ಲ. ಅದನ್ನು ನೀರಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿದರೆ ಕೆಂಪು ಬಣ್ಣ ಸಿದ್ಧ. ಬಿಳಿ ಜೇಡಿಯ ತಿಳಿ ಹಿನ್ನೆಲೆಗೆ. ಕಪ್ಪಿಗೆ ಇದ್ದಿಲು ಬಳಸಿದರೆ ಬೆಂಕಿಯಲ್ಲಿ ಹಾರಿಹೋಗುತ್ತದೆ, ಮ್ಯಾಂಗನೀಸ್ ಪುಡಿ ಮಕ್ಕಳ ಮೂಗಿಗೆ ಒಳ್ಳೆಯದಲ್ಲ. ಹಾಗಾಗಿ ಎರಡೇ ಬಣ್ಣ ಸಾಕು. ಹುರಿ ಸುತ್ತಿ ಎತ್ತಿದ ಲೋಟ ಚಕ್ಕಳದಷ್ಟು ಬಿಗಿಯಾದಾಗ ತಿಳಿ ಬಳಿದು, ಚಮಚದ ಬೆನ್ನಿನಿಂದ ತಿಕ್ಕಿ, ಆಮೇಲೆ ಚಿತ್ರ. ಅಂಚಿನ ಸುತ್ತ ಮಕ್ಕಳು ತಮ್ಮ ಹೆಸರು, ತಾವು ಕುಡಿಯುವುದೇನೆಂದು ಕನ್ನಡದಲ್ಲೇ ಬರೆಯಲಿ. ಪೂರ್ತಿ ಒಣಗಿದ ಮೇಲೆ ಹತ್ತಿರದ ಕುಂಬಾರರ ಆವಿಗೆಯಲ್ಲಿ ಒಂದು ಮೂಲೆ ಕೇಳಿಕೊಳ್ಳಿ. ಗ್ಲೇಜ್ ಇಲ್ಲದ್ದರಿಂದ ನೀರು ಜಿನುಗುತ್ತದೆ, ಕುಡಿಯಲು ಬೇಡ. ಮಣ್ಣು ತಂದ ಜಾಗ, ವರ್ಷ, ಎರಡನ್ನೂ ತಳದಲ್ಲಿ ಮೊಳೆಯಿಂದ ಗೀಚಿಸಿ, ಹಸಿಯಿರುವಾಗಲೇ. ಸುಟ್ಟ ಮೇಲೆ ಪೆನ್ನಿನಲ್ಲಿ ಬರೆದದ್ದು ಮಳೆಗಾಲ ಕಳೆಯುವುದರೊಳಗೆ ಅಳಿಸಿಹೋಗುತ್ತದೆ.